ಆಟವಾಡುವ ವಯಸ್ಸು ಮುಗಿಯಿತೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ಮಕ್ಕಳು ಆಡುತ್ತ ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿಯ ಬಗ್ಗೆ ಬರೆದಿದ್ದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿದ ಆ ಪದ್ಧತಿಯನ್ನು ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳನ್ನು ಬಿಟ್ಟು ದೊಡ್ಡವರ ವಿಷಯಕ್ಕೆ ಹೊರಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆಟದ ಮೂಲಕ ಕಲಿಸಬೇಕೆಂದು ಒತ್ತಿ ಹೇಳುವುದು 3ರಿಂದ 8 ವರ್ಷದವರೆಗಿನ ಬುನಾದಿ ಹಂತದ ವಿಚಾರದಲ್ಲಿಯೇ. 8 ದಾಟಿದ ಮೇಲೆ, ಅದರಲ್ಲಿಯೂ 18 ದಾಟಿದ ಮೇಲೆ, ಆಟಕ್ಕೆ ಪಾಠದಲ್ಲಿ ಏನು ಕೆಲಸ ಎಂಬುದೇ ಈ ಪತ್ರಗಳ ಒಟ್ಟು ಪ್ರಶ್ನೆ. ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನಾಗಿ ನನಗೆ ಈ ವಿಷಯದಲ್ಲಿ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಪ್ರಶ್ನೆ: ಪದವಿ ತರಗತಿಗಳಲ್ಲಿ ಆಟ, ಚಟುವಟಿಕೆಗಳನ್ನು ಅಳವಡಿಸಬೇಕೆಂದು ಇತ್ತೀಚೆಗೆ ನಡೆದ ತರಬೇತಿಯಲ್ಲಿ ನಮಗೆ ಹೇಳಿದರು. ನಮ್ಮಲ್ಲಿ ಸೆಮಿಸ್ಟರಿನ ಪಠ್ಯ ಮುಗಿಸುವುದೇ ಕಷ್ಟ. ಹತ್ತೊಂಬತ್ತು, ಇಪ್ಪತ್ತು ವರ್ಷದ ವಿದ್ಯಾರ್ಥಿಗಳನ್ನು ಶಿಶುವಿಹಾರದ ಮಕ್ಕಳಂತೆ ಆಡಿಸುವುದು ಅವರ ಬುದ್ಧಿಗೂ ನಮ್ಮ ವಿದ್ಯೆಗೂ ಅವಮಾನವಲ್ಲವೇ?
— ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ

ಉತ್ತರ: ಮೇಡಂ, ನಿಮ್ಮ ಅಸಮಾಧಾನ ಅರ್ಥವಾಗುತ್ತದೆ. ಪಾಠದ ನಡುವೆ ನಿದ್ದೆ ಓಡಿಸಲೆಂದು ಬಲೂನು ಊದಿಸುವುದು, ಚಪ್ಪಾಳೆ ತಟ್ಟಿಸುವುದು ಮುಂತಾದವನ್ನೇ ತರಬೇತಿಯವರು ಆಟವೆಂದು ತೋರಿಸಿದ್ದರೆ ಅದನ್ನು ಬಿಟ್ಟುಬಿಡಿ. ಅದರಿಂದ ವಿದ್ಯಾರ್ಥಿಗಳಿಗೆ ಸಂಕೋಚ, ನಿಮಗೆ ಸಮಯನಷ್ಟ. ನಾನು ಆಟವೆನ್ನುವುದು ಪಾಠದ ವಿಷಯವೇ ಆಟದ ನಿಯಮವಾಗಿ ಬರುವಂಥದ್ದನ್ನು. ವಾಣಿಜ್ಯಶಾಸ್ತ್ರದವರಾದ ನಿಮಗೆ ಒಂದು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾನಿಲಯದ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ 1960ರ ದಶಕದಿಂದ ಆಡಿಸುತ್ತ ಬಂದಿರುವ ‘ಬಿಯರ್ ಆಟ’ ಎಂಬುದೊಂದಿದೆ. ಅದರಲ್ಲಿ ನಾಲ್ವರಿರುತ್ತಾರೆ: ಚಿಲ್ಲರೆ ಅಂಗಡಿಯವನು, ಸಗಟು ವ್ಯಾಪಾರಿ, ವಿತರಕ ಮತ್ತು ಕಾರ್ಖಾನೆಯವನು. ಒಂದೊಂದು ಸುತ್ತೂ ಒಂದೊಂದು ವಾರ. ಅಂಗಡಿಯವನಿಗೆ ಗಿರಾಕಿಯ ಬೇಡಿಕೆ ಚೀಟಿಯಲ್ಲಿ ಬರುತ್ತದೆ. ಅವನು ಸಗಟಿನವನಿಗೆ ಚೀಟಿ ಬರೆಯುತ್ತಾನೆ. ಹೀಗೆ ಚೀಟಿ ಮೇಲಕ್ಕೆ ಹೋಗುತ್ತದೆ, ಸರಕು ಎರಡೆರಡು ವಾರ ತಡವಾಗಿ ಕೆಳಕ್ಕೆ ಬರುತ್ತದೆ. ಪರಸ್ಪರ ಮಾತಾಡುವಂತಿಲ್ಲ. ಸರಕು ಉಳಿದರೆ ಖರ್ಚು, ಕೊರತೆಯಾದರೆ ಅದರ ಎರಡರಷ್ಟು ಖರ್ಚು. ಆಟದ ನಿಯಮ ಇಷ್ಟೇ.

ನಾನು ಇದನ್ನು ನನ್ನ ತರಗತಿಯಲ್ಲಿ ಬಿಯರಿನ ಬದಲು ಸೋಪಿನ ಪೆಟ್ಟಿಗೆಯ ಲೆಕ್ಕದಲ್ಲಿ, ಒಂದು ಹುಣಸೆಬೀಜಕ್ಕೆ ಒಂದು ಪೆಟ್ಟಿಗೆ ಎಂದು, ನಾಲ್ಕು ಬೆಂಚುಗಳ ಮೇಲೆ ಆಡಿಸಿದ್ದೆ. ಮೊದಲ ನಾಲ್ಕು ವಾರ ಎಲ್ಲರೂ ಹಾಯಾಗಿದ್ದರು. ಐದನೆಯ ವಾರ ಅಂಗಡಿಯ ಬೆಂಚಿನಲ್ಲಿ ಸಣ್ಣ ಗುಸುಗುಸು ಆರಂಭವಾಯಿತು. ಹತ್ತನೆಯ ವಾರದ ಹೊತ್ತಿಗೆ ವಿತರಕರ ಬೆಂಚಿನ ಮೇಲೆ ಒಂದೂ ಬೀಜವಿರಲಿಲ್ಲ, ಅವರು ಕಾರ್ಖಾನೆಗೆ ದೊಡ್ಡ ದೊಡ್ಡ ಅಂಕಿ ಬರೆದು ಚೀಟಿ ಕಳಿಸುತ್ತಿದ್ದರು. ಇಪ್ಪತ್ತನೆಯ ವಾರಕ್ಕೆ ಅದೇ ಬೆಂಚಿನ ಮೇಲೆ ಬೀಜಗಳ ರಾಶಿ ಬಿದ್ದು ಕೆಳಗೆ ಉರುಳುತ್ತಿತ್ತು, ಯಾರಿಗೂ ಅದು ಬೇಕಿರಲಿಲ್ಲ. ಆಟ ನಿಲ್ಲಿಸಿ, ಗಿರಾಕಿಯ ಬೇಡಿಕೆ ಹೇಗಿತ್ತೆಂದು ಊಹಿಸಿ ಬರೆಯಿರಿ ಎಂದೆ. ಕಾರ್ಖಾನೆಯವರು ಅಲೆಯಂತೆ ಏರಿಳಿಯುವ ಗೆರೆ ಎಳೆದರು. ಆಮೇಲೆ ಅಂಗಡಿಯವರ ಬಳಿ ಇದ್ದ ಚೀಟಿಗಳನ್ನು ಎಲ್ಲರೆದುರು ಬಿಚ್ಚಿದೆ: ಮೊದಲ ನಾಲ್ಕು ವಾರ 4 ಪೆಟ್ಟಿಗೆ, ಐದನೆಯ ವಾರದಿಂದ ಕೊನೆಯವರೆಗೂ 8 ಪೆಟ್ಟಿಗೆ. ಬದಲಾದದ್ದು ಒಂದೇ ಒಂದು ಸಲ. ತರಗತಿ ಸ್ವಲ್ಪ ಹೊತ್ತು ಸ್ತಬ್ಧವಾಯಿತು. ವರ್ಷಪೂರ್ತಿ ಬಾಯಿ ಬಿಡದಿದ್ದ ಒಬ್ಬ ಹುಡುಗ ಎದ್ದು ನಿಂತು, “ಸರ್, ಗಿರಾಕಿ ಕುಣಿದಾಡಲಿಲ್ಲ, ನಾವೇ ಗಾಬರಿಬಿದ್ದು ಕುಣಿದೆವು” ಎಂದ. ದಾಸ್ತಾನಿನ ಏರಿಳಿತ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಅದಕ್ಕೆ ಮುಂಚೆ ಎರಡು ಗಂಟೆ ಉಪನ್ಯಾಸ ಮಾಡಿ ಹೇಳುತ್ತಿದ್ದೆ. ಆ ದಿನ ಹದಿನೈದು ನಿಮಿಷ ಸಾಕಾಯಿತು. ಅಲ್ಲದೆ, ಸಗಟಿನವರು ಅಂಗಡಿಯವರನ್ನೂ ಅಂಗಡಿಯವರು ಕಾರ್ಖಾನೆಯನ್ನೂ ಆಟದುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡಿದ್ದರಲ್ಲ, ಆ ಬೈಗುಳ ಯಾರಿಗೂ ಸಲ್ಲತಕ್ಕದ್ದಲ್ಲ ಎಂಬ ಅರಿವು ಯಾವ ಉಪನ್ಯಾಸದಿಂದಲೂ ಹುಟ್ಟಿರಲಿಲ್ಲ.

ಸಮಯದ ಮಾತಿಗೆ ಬಂದರೆ, ಒಂದು ಸೆಮಿಸ್ಟರಿಗೆ ಇಂಥ ಎರಡು ಆಟ ಸಾಕು. ಆದರೆ ಆಡಿದಷ್ಟೇ ಹೊತ್ತು ಆಮೇಲೆ ಕುಳಿತು ಮಾತಾಡಬೇಕು. ಆಟ ಮುಗಿದ ಕೂಡಲೇ ಗಂಟೆ ಹೊಡೆದು ಎಲ್ಲರೂ ಎದ್ದುಹೋದರೆ ಉಳಿಯುವುದು ಗದ್ದಲದ ನೆನಪು ಮಾತ್ರ. ಬಹುಪಾಲು ಕಡೆ ಕೆಡುವುದು ಇಲ್ಲಿಯೇ.

ಪ್ರಶ್ನೆ: ನನಗೆ 47 ವರ್ಷ. ಮಕ್ಕಳು ದೊಡ್ಡವರಾದ ಮೇಲೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಕಟ್ಟಿದ್ದೇನೆ. ಸಂಪರ್ಕ ತರಗತಿಯಲ್ಲಿ ಒಂದು ದಿನ ಪಾತ್ರ ಹಂಚಿ ಅಭಿನಯಿಸಿ ಎಂದರು. ನನ್ನ ಮಗಳ ವಯಸ್ಸಿನವರ ಎದುರು ನಿಂತು ಆಡಲು ಕಾಲು ನಡುಗಿ, ತಲೆನೋವೆಂದು ಹೇಳಿ ಹೊರಬಂದೆ. ನನ್ನಂಥವರಿಗೆ ಇದೆಲ್ಲ ಬೇಕೇ?
— ಗೃಹಿಣಿ, ಶಿರಸಿ

ಉತ್ತರ: ನೀವು ಹೊರಬಂದದ್ದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಡಚ್ ಇತಿಹಾಸಕಾರ ಯೋಹಾನ್ ಹೈಜಿಂಗ ಮಾನವ ಸಂಸ್ಕೃತಿಯಲ್ಲಿ ಆಟದ ಪಾತ್ರವನ್ನು ಕುರಿತು 1938ರಲ್ಲಿ ಬರೆದಾಗ ಆಟಕ್ಕೆ ಹೇಳಿದ ಮೊದಲ ಲಕ್ಷಣವೇ ಸ್ವಇಚ್ಛೆ. ಒಲ್ಲೆ ಎನ್ನಲು ಅವಕಾಶವಿಲ್ಲದ ಆಟ ಆಟವಲ್ಲ, ಆಜ್ಞೆ. ನಿಮ್ಮ ಅಧ್ಯಾಪಕರು ಆ ಅವಕಾಶವನ್ನು ಮೊದಲೇ ಕೊಟ್ಟಿದ್ದರೆ ನಿಮಗೆ ತಲೆನೋವಿನ ನೆಪ ಬೇಕಾಗುತ್ತಿರಲಿಲ್ಲ. ಪಾತ್ರ ವಹಿಸದವರಿಗೆ ನೋಡಿ ಬರೆಯುವ ಕೆಲಸ, ಪ್ರಶ್ನೆ ಕೇಳುವ ಕೆಲಸ ಇತ್ಯಾದಿ ಇರಬೇಕು. ಮುಂದಿನ ಸಲ ನೀವೇ ಅದನ್ನು ಕೇಳಿ ಪಡೆಯಿರಿ.

ಇಷ್ಟು ಹೇಳಿದ ಮೇಲೆ, ನಿಮ್ಮ ಕಾಲು ನಡುಗಿದ್ದು ಏಕೆಂದು ಸ್ವಲ್ಪ ಯೋಚಿಸಬೇಕೆನಿಸುತ್ತದೆ. ಮಗು ತಪ್ಪು ಮಾಡಿದರೆ ಅದಕ್ಕೆ ಕಳೆದುಕೊಳ್ಳುವುದೇನೂ ಇಲ್ಲ. ನಲವತ್ತೇಳರ ಹೆಂಗಸಿಗೆ ಮನೆಯಲ್ಲಿ, ಬೀದಿಯಲ್ಲಿ, ನೆಂಟರಲ್ಲಿ ಗಳಿಸಿದ ಒಂದು ಮರ್ಯಾದೆ ಇದೆ. ತರಗತಿಯಲ್ಲಿ ಒಂದು ತಪ್ಪು ಮಾತು ಆಡಿದರೆ ಅದಕ್ಕೆ ಕುಂದು ಎಂಬ ಅಳುಕು. ದೊಡ್ಡವರ ಕಲಿಕೆಗೆ ಮಂಕಾದ ನೆನಪಿಗಿಂತಲೂ ಹೆಚ್ಚಿನ ಅಡ್ಡಿ ಈ ಅಳುಕೇ ಎಂದು ನನ್ನ ಅನುಭವ ಹೇಳುತ್ತದೆ. ಆಟದ ಪ್ರಯೋಜನ ಇರುವುದು ಇಲ್ಲಿ. ಆಟದೊಳಗೆ ಸೋತವನು ಆಟದಲ್ಲಿ ಮಾತ್ರ ಸೋತಿರುತ್ತಾನೆ.

ನಿಮ್ಮ ಸೀಮೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಕರಾವಳಿ, ಮಲೆನಾಡುಗಳ ತಾಳಮದ್ದಳೆಯನ್ನು ನೀವು ನೋಡಿಯೇ ಇರುತ್ತೀರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿ ಆ ಪದದ ಎಳೆ ಹಿಡಿದು ಆಗಲೇ ಹುಟ್ಟುವ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾನೆ. ಹಗಲಿನಲ್ಲಿ ಮೇಷ್ಟರೋ ವಕೀಲರೋ ಬ್ಯಾಂಕಿನ ನೌಕರರೋ ಆಗಿರುವವರು ರಾತ್ರಿ ಸುಯೋಧನನಾಗಿ ಕುಳಿತು, ತಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಮೈಮರೆತು ಸಮರ್ಥಿಸುತ್ತಾರೆ. ಎದುರಿನ ಅರ್ಥಧಾರಿಯ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಸಿಕ್ಕಿಬಿದ್ದರೂ ಬೆಳಗಾದ ಮೇಲೆ ಅವರ ಮರ್ಯಾದೆಗೆ ಏನೂ ಆಗಿರುವುದಿಲ್ಲ. ಆದರೆ ಮುಂದಿನ ಕೂಟಕ್ಕೆ ಮುಂಚೆ ಅವರು ಪುರಾಣವನ್ನೂ ಶಾಸ್ತ್ರವನ್ನೂ ಮತ್ತೊಮ್ಮೆ ತಿರುವಿಹಾಕಿರುತ್ತಾರೆ. ಹೀಗೆ ಓದಿಸಿದ್ದು ಪರೀಕ್ಷೆಯಲ್ಲ, ಆಟ. ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯದ ತಿರುಳೂ ಇದೇ: ಚೀಟಿಯಲ್ಲಿ ಬಂದ ಪಕ್ಷವನ್ನು ವಾದಿಸಬೇಕು, ಒಪ್ಪಿದ ಪಕ್ಷವನ್ನಲ್ಲ.

ನಮ್ಮ ನುಡಿಯೂ ಆಟವನ್ನು ಮಕ್ಕಳಿಗಷ್ಟೇ ಬಿಟ್ಟುಕೊಟ್ಟಿಲ್ಲ. ನಾವು ಮಾತನ್ನೂ ‘ಆಡು’ತ್ತೇವೆ. ಒಡನಾಟ, ಹುಡುಕಾಟ, ಹೋರಾಟ, ತಡಕಾಟ ಎಂಬ ದೊಡ್ಡವರ ಕೆಲಸಗಳಲ್ಲೆಲ್ಲ ‘ಆಟ’ ಸೇರಿಕೊಂಡಿದೆ. ಒಮ್ಮೆ, ಪರಿಚಯವಾದ ಇಬ್ಬರು ಮೂವರ ನಡುವೆ, ಕುಳಿತೇ ಮಾತಾಡುವ ಪಾತ್ರವೊಂದನ್ನು ತೆಗೆದುಕೊಂಡು ನೋಡಿ. ಎದ್ದು ನಿಂತು ಅಭಿನಯಿಸಲೇಬೇಕೆಂಬ ನಿಯಮವೇನೂ ಇಲ್ಲ.

ಪ್ರಶ್ನೆ: ನರ್ಸಿಂಗ್ ಕಾಲೇಜಿನಲ್ಲಿ ನಾವು ಬೊಂಬೆಯ ಮೇಲೆ ಎದೆ ಒತ್ತುವುದು, ಉಸಿರು ಕೊಡುವುದು ಇತ್ಯಾದಿ ಕಲಿಸುತ್ತೇವೆ. ಇದೂ ನೀವು ಹೇಳುವ ಆಟದ ಲೆಕ್ಕಕ್ಕೆ ಬರುತ್ತದೆಯೇ, ಅಥವಾ ಬರೀ ಅಭ್ಯಾಸವೇ?
— ನರ್ಸಿಂಗ್ ಬೋಧಕರು, ಕಲಬುರಗಿ

ಉತ್ತರ: ಆ ಬೊಂಬೆಯ ಹುಟ್ಟನ್ನು ನೋಡಿದರೆ ಉತ್ತರ ಸಿಗುತ್ತದೆ. 1960ರಲ್ಲಿ ಅದನ್ನು ಮಾಡಿಕೊಟ್ಟವರು ನಾರ್ವೆ ದೇಶದ ಸ್ಟಾವಂಗರ್ ಊರಿನ ಆಸ್ಮುಂಡ್ ಲಾರ್ಡಾಲ್. ಅವರು ವೈದ್ಯರಲ್ಲ, ಆಟಿಕೆ ತಯಾರಕರು. ಮೆದು ಪ್ಲಾಸ್ಟಿಕ್ಕಿನಲ್ಲಿ ಮಕ್ಕಳ ಬೊಂಬೆ ಮಾಡಿ ಪಳಗಿದ ಕೈ ಅದು. ಇಂದಿಗೂ ಜಗತ್ತಿನ ಬಹುಪಾಲು ಕಡೆ ಆ ಬೊಂಬೆಯನ್ನು ‘ಆನ್’ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ವಿಮಾನ ಹಾರಾಟ ಕಲಿಸುವ ಯಂತ್ರದ ಕಥೆಯೂ ಹೆಚ್ಚುಕಡಿಮೆ ಇದೇ ಬಗೆಯದು. ಪಿಯಾನೊ ಮತ್ತು ಆರ್ಗನ್ ವಾದ್ಯ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ ಎಂಬ ಅಮೆರಿಕದ ತರುಣ, ಆರ್ಗನ್ನಿನ ತಿದಿಗಳನ್ನು ಬಳಸಿ ನೆಲದ ಮೇಲೆಯೇ ವಾಲುವ, ಏಳುವ ಪುಟ್ಟ ವಿಮಾನವನ್ನು 1929ರ ಹೊತ್ತಿಗೆ ಕಟ್ಟಿದಾಗ ಅದನ್ನು ಮೊದಮೊದಲು ಕೊಂಡವರು ಮನೋರಂಜನಾ ಪಾರ್ಕಿನವರು. 1934ರಲ್ಲಿ ಅಂಚೆ ಸಾಗಿಸುವ ಕೆಲಸಕ್ಕಿಳಿದ ಸೇನೆಯ ವಿಮಾನ ಚಾಲಕರು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಅಂಥ ಆರು ಯಂತ್ರಗಳನ್ನು ಕೊಂಡಿತು.

ಎಂದರೆ, ಪ್ರಾಣ ಹೋಗುವ ತಪ್ಪನ್ನು ಪ್ರಾಣ ಹೋಗದಂತೆ ಮಾಡಿ ನೋಡುವುದಕ್ಕೆ ಆಟಿಕೆಯೇ ಬೇಕಾಯಿತು. ನಿಮ್ಮ ಬೊಂಬೆಯ ಮುಂದೆ ವಿದ್ಯಾರ್ಥಿ ತಪ್ಪು ಮಾಡಿದಾಗ ನೀವು ಗದರಿದರೆ ಅದು ಅಭ್ಯಾಸವೂ ಆಗದೆ ಪರೀಕ್ಷೆಯಾಗಿಬಿಡುತ್ತದೆ. “ಈಗ ಬೇಕೆಂದೇ ತಪ್ಪಾಗಿ ಮಾಡು, ಏನಾಗುತ್ತದೆಂದು ನೋಡೋಣ” ಎಂದು ಒಂದು ಸಲ ಹೇಳಿ ನೋಡಿ. ಎಷ್ಟು ಆಳ ಒತ್ತಿದರೆ ಕಡಿಮೆ, ಎಷ್ಟು ಬೇಗ ಒತ್ತಿದರೆ ಹೆಚ್ಚು ಎಂಬುದನ್ನು ಅಂಗೈ ತಾನೇ ಕಲಿಯುತ್ತದೆ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ತರಬೇತಿಯನ್ನೆಲ್ಲ ಆ್ಯಪಿನಲ್ಲಿ ಆಟದಂತೆ ಮಾಡಿದ್ದಾರೆ: ಅಂಕ, ಬ್ಯಾಡ್ಜು, ಯಾರು ಮುಂದೆ ಎಂಬ ಪಟ್ಟಿ. ಆದರೂ ಎಲ್ಲರೂ ಕಾಟಾಚಾರಕ್ಕೆ ಒತ್ತಿ ಮುಗಿಸುತ್ತಾರೆ. ಏಕೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಲ್ಲಿರುವುದು ಆಟದ ತೊಗಟೆ ಮಾತ್ರ. ಚೌಕಾಬಾರದಲ್ಲಿ ಆನಂದ ಕೊಡುವುದು ಕವಡೆ ಹೇಗೆ ಬೀಳುತ್ತದೋ ಎಂಬ ಕಾತರ, ಯಾವ ಕಾಯಿ ನಡೆಸಲಿ ಎಂಬ ತೀರ್ಮಾನ, ಎದುರಾಳಿಯ ಕಾಯಿ ಕಡಿಯುವ ಸಂಚು. ಕೊನೆಗೆ ಸಿಗುವ ಗೆಲುವು ಇವುಗಳ ಫಲ. ಕಾತರ, ತೀರ್ಮಾನ, ಸಂಚು ಮೂರನ್ನೂ ತೆಗೆದು ಗೆಲುವಿನ ಗುರುತನ್ನು ಮಾತ್ರ ಹಂಚಿದರೆ ಅದು ಹಾಜರಿ ಪುಸ್ತಕವಾಗುತ್ತದೆ.

ಇನ್ನೂ ಒಂದು ಎಚ್ಚರ. ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಬಹುಮಾನದ ಆಸೆಗೆ ಬರೆದ ಆ ಮಕ್ಕಳು ಕೆಲವು ದಿನಗಳ ಮೇಲೆ, ಬಹುಮಾನವಿಲ್ಲದಿದ್ದಾಗ, ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಅಧ್ಯಯನ ಮಕ್ಕಳದ್ದಾದರೂ ನಿಮ್ಮ ಕಚೇರಿಯಲ್ಲಿ ಕಾಣುವುದು ಅದಕ್ಕೆ ದೂರವಿಲ್ಲ. ನೌಕರರಿಗೆ ನಿಜವಾಗಿ ಎದುರಾಗುವ ಒಂದು ತೊಡಕನ್ನು, ಉದಾಹರಣೆಗೆ ರಾತ್ರಿ ಎರಡು ಗಂಟೆಗೆ ಸರ್ವರ್ ನಿಂತುಹೋದ ಸನ್ನಿವೇಶವನ್ನು, ತಂಡಕ್ಕೆ ಕೊಟ್ಟು ಒಂದು ಮಧ್ಯಾಹ್ನ ಬಿಡಿಸಲು ಬಿಡಿ. ಪಟ್ಟಿಯೂ ಬೇಡ, ಬ್ಯಾಡ್ಜೂ ಬೇಡ.

ಪ್ರಶ್ನೆ: ಇದೆಲ್ಲ ಪಾಶ್ಚಾತ್ಯ ವಿಚಾರವೆನಿಸುತ್ತದೆ. ನಮ್ಮ ಪರಂಪರೆಯಲ್ಲಿ ವಿದ್ಯೆ ತಪಸ್ಸಲ್ಲವೇ? ಪ್ರೌಢ ವಿದ್ಯೆಯಲ್ಲಿ ಆಟಕ್ಕೆ ಎಲ್ಲಿ ಸ್ಥಾನ?
— ಸಂಸ್ಕೃತ ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು

ಉತ್ತರ: ತಪಸ್ಸು ಮಾಡಿದವರೇ ಆಡಿದ್ದಾರೆ. ನೀವು ಸಂಸ್ಕೃತದವರಾದ್ದರಿಂದ ಅವಧಾನದಿಂದ ಆರಂಭಿಸೋಣ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು, ಎಂದರೆ ಪ್ರಶ್ನೆ ಒಡ್ಡುವವರು, ಅವಧಾನಿಯ ಸುತ್ತ ಕುಳಿತು ಒಬ್ಬರಾದ ಮೇಲೊಬ್ಬರು ಪರೀಕ್ಷಿಸುತ್ತಾರೆ. ನಿಷೇಧಾಕ್ಷರಿಯಲ್ಲಿ ಪದ್ಯದ ಒಂದೊಂದು ಅಕ್ಷರ ಹೇಳುವ ಮೊದಲೂ ಪೃಚ್ಛಕರು ಒಂದು ಅಕ್ಷರವನ್ನು ನಿಷೇಧಿಸುತ್ತಾರೆ. ಅವಧಾನಿ ಅದನ್ನು ತಪ್ಪಿಸಿ, ಛಂದಸ್ಸೂ ಕೆಡದಂತೆ ಅರ್ಥವೂ ಕೆಡದಂತೆ ಮುಂದಿನ ಅಕ್ಷರ ಇಡಬೇಕು. ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವ ದತ್ತಪದಿ, ಕೊಟ್ಟ ಸಾಲನ್ನು ಪದ್ಯವಾಗಿ ಪೂರ್ತಿಗೊಳಿಸುವ ಸಮಸ್ಯಾಪೂರಣಗಳೂ ಹೀಗೆಯೇ ಒಡ್ಡಿದ ಕಟ್ಟಿನೊಳಗೆ ಬಿಡುಗಡೆ ಹುಡುಕುವ ಆಟಗಳು. ಇವೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗದ ಪೃಚ್ಛಕರು ಇದ್ದಕ್ಕಿದ್ದಂತೆ ಅಡುಗೆಯದೋ ರಾಜಕೀಯದ್ದೋ ಸಂಬಂಧವಿಲ್ಲದ ಮಾತೆತ್ತಿ ಏಕಾಗ್ರತೆ ಕೆಡಿಸಲು ನೋಡುತ್ತಾರೆ, ಅವಧಾನಿ ಅದಕ್ಕೂ ಚಟಾಕಿ ಹಾರಿಸಿ ಉತ್ತರಿಸಬೇಕು. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಅರಗಿಸಿಕೊಂಡವರಷ್ಟೇ ಕೂರಬಲ್ಲ ಪೀಠದ ಪಕ್ಕದಲ್ಲಿಯೇ ನಗೆಗೆ ಒಂದು ಆಸನವನ್ನು ಖಾಯಂ ಆಗಿ ಇಟ್ಟಿದ್ದಾರೆಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ.

ಗಣಿತದಲ್ಲಿ ನೋಡಿ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯ ಹೆಸರಿನಲ್ಲಿಯೇ ಲೀಲೆ ಇದೆ. ದುಂಬಿಗಳ ಹಿಂಡಿನಲ್ಲಿ ಐದನೆಯ ಒಂದು ಭಾಗ ಕದಂಬಕ್ಕೆ, ಮೂರನೆಯ ಒಂದು ಭಾಗ ಶಿಲೀಂಧ್ರ ಪುಷ್ಪಕ್ಕೆ, ಇವೆರಡರ ಅಂತರದ ಮೂರರಷ್ಟು ಕುಟಜಕ್ಕೆ ಹೋದವು, ಉಳಿದ ಒಂದು ಎರಡು ಹೂಗಳ ಪರಿಮಳದ ನಡುವೆ ಸಿಕ್ಕಿ ಗಾಳಿಯಲ್ಲಿ ಸುತ್ತುತ್ತಿದೆ, ಒಟ್ಟು ಎಷ್ಟು? ಹದಿನೈದು. ಆ ಒಂದು ದುಂಬಿಯ ತೊಳಲಾಟ ಲೆಕ್ಕಕ್ಕೆ ಅಗತ್ಯವೇ ಇರಲಿಲ್ಲ. ಆದರೆ ಲೆಕ್ಕ ಮನಸ್ಸಿನಲ್ಲಿ ಉಳಿಯುವುದು ಅದರಿಂದಲೇ.

ನಿಮ್ಮ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮರೆಯುವುದು ಹೇಗೆ? ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಆಗಮ ಮುಂತಾದವುಗಳ ಜೊತೆಗೆ ಆಟಗಳಿಗೇ ಮೀಸಲಾದ ಕೌತುಕನಿಧಿಯೂ ಒಂದು. ಚದುರಂಗದ ಕುದುರೆ 64 ಮನೆಗಳಲ್ಲಿಯೂ ಒಂದೊಂದೇ ಸಲ ಕಾಲಿಟ್ಟು ಬರುವ ದಾರಿಗಳನ್ನು ಅವರು ಬಗೆಬಗೆಯಾಗಿ ಬಿಡಿಸಿದ್ದರು. ದೇವತಾಸ್ವರೂಪವನ್ನೂ ಆಟವನ್ನೂ ಒಂದೇ ಗ್ರಂಥದಲ್ಲಿ ಕೂರಿಸಲು ಅವರಿಗೆ ಸಂಕೋಚವಾಗಲಿಲ್ಲ.

ಪ್ರಶ್ನೆ: ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ ಸಂಬಂಧವಿಲ್ಲದ ಸಣ್ಣಪುಟ್ಟ ಸಮಸ್ಯೆಗಳ ಜೊತೆ ಆಡುತ್ತ ಕೂರುವುದು ನನ್ನ ಚಾಳಿ. ಸಮಯ ಹಾಳು ಎಂದು ಮಾರ್ಗದರ್ಶಕರು ಗದರುತ್ತಾರೆ.
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಬಂದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹೊಸದೇನೂ ಹೊಳೆಯದೆ ಬಳಲಿದ್ದಾಗ, ಇನ್ನು ಮುಂದೆ ಭೌತಶಾಸ್ತ್ರದ ಜೊತೆ ಸುಮ್ಮನೆ ಆಡುತ್ತೇನೆಂದು ನಿಶ್ಚಯಿಸಿಕೊಂಡರು. ಊಟದ ಮನೆಯಲ್ಲಿ ಯಾರೋ ಮೇಲಕ್ಕೆಸೆದ ತಟ್ಟೆ ಓಲಾಡುತ್ತ ತಿರುಗಿದ್ದನ್ನು ಕಂಡು, ಆ ಓಲಾಟಕ್ಕೂ ತಿರುಗುವಿಕೆಗೂ ಇರುವ ಸಂಬಂಧವನ್ನು ಲೆಕ್ಕ ಹಾಕಿದರು. ಇದರಿಂದ ಏನು ಉಪಯೋಗವೆಂದು ಅಲ್ಲಿನ ಹಿರಿಯ ಸಹೋದ್ಯೋಗಿ ಹಾನ್ಸ್ ಬೇಥೆ ಕೇಳಿದಾಗ, ಏನೂ ಇಲ್ಲ, ಖುಷಿಗೆ ಎಂದರು. 1965ರಲ್ಲಿ ತಮಗೆ ನೊಬೆಲ್ ತಂದ ಕೆಲಸ ಆ ತಟ್ಟೆಯ ಜೊತೆಗಿನ ಚೆಲ್ಲಾಟದಿಂದಲೇ ಬಂತೆಂದು ಅವರೇ ಬರೆದಿದ್ದಾರೆ. ಆದರೆ ಅವರು ತಟ್ಟೆಯನ್ನು ನೋಡಿ ಬಿಡಲಿಲ್ಲ, ಲೆಕ್ಕವನ್ನು ಕೊನೆ ಮುಟ್ಟಿಸಿದರು. ನೀವು ಆಡುವ ಸಮಸ್ಯೆಗಳಲ್ಲಿ ಎಷ್ಟನ್ನು ಕೊನೆ ಮುಟ್ಟಿಸಿದ್ದೀರಿ? ವಾರಕ್ಕೆ ಒಂದು ಅರ್ಧ ದಿನವನ್ನು ಇದಕ್ಕೆಂದೇ ಮಾರ್ಗದರ್ಶಕರಲ್ಲಿ ಕೇಳಿ ಪಡೆದು, ಆಡಿದ್ದನ್ನು ಬರೆದಿಡಿ.

ಪ್ರಶ್ನೆ: ಆಟಕ್ಕೆ ಅಂಕ ಕೊಡುವುದು ಹೇಗೆ?
— ಉಪನ್ಯಾಸಕರು, ತುಮಕೂರು

ಉತ್ತರ: ಕೊಡಬೇಡಿ. ಆಡಿದ ಮೇಲೆ ವಿದ್ಯಾರ್ಥಿ ಬರೆಯುವ ಒಂದು ಪುಟಕ್ಕೆ ಕೊಡಿ: ತಾನು ಎಲ್ಲಿ ತಪ್ಪಿದೆ, ಏಕೆ, ಇನ್ನೊಮ್ಮೆ ಆಡಿದರೆ ಏನು ಮಾಡುತ್ತೇನೆ. ಸೋತವರ ಪುಟ ಗೆದ್ದವರ ಪುಟಕ್ಕಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಸಂಜೆ ಓದು ಬರಹ ಕಲಿಸುತ್ತೇನೆ. ಎಲ್ಲರೂ ನಲವತ್ತು ದಾಟಿದವರು. ಸ್ಲೇಟು ಕೊಟ್ಟರೆ ನಾಚಿಕೊಂಡು ಸೆರಗಿನಲ್ಲಿ ಮುಚ್ಚುತ್ತಾರೆ. ಎರಡು ವಾರದಲ್ಲಿ ಅರ್ಧ ಜನ ಬಿಟ್ಟುಹೋದರು. ಏನು ಮಾಡಲಿ?
— ಸ್ವಯಂಸೇವಕಿ, ರಾಯಚೂರು ಜಿಲ್ಲೆ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದ ದಿನಗಳು ಕಣ್ಣಮುಂದೆ ಬಂದವು. ಆಗ ಕಲಾಜಾಥಾದವರು ಹಾಡು, ಬೀದಿನಾಟಕಗಳಿಂದ ಊರೂರಿನಲ್ಲಿ ಜನ ಸೇರಿಸುತ್ತಿದ್ದರು. ಜಾಥಾ ಮುಂದಿನ ಊರಿಗೆ ಹೋದ ಮೇಲೆ ಲಾಟೀನಿನ ಬೆಳಕಿನಲ್ಲಿ ಉಳಿಯುತ್ತಿದ್ದವರು ನಾವು, ಸ್ಲೇಟು, ಮತ್ತು ನೀವು ಹೇಳಿದ ಅದೇ ನಾಚಿಕೆ. ಕುಡುಗೋಲು ಹಿಡಿದ ಕೈಗೆ ಬಳಪ ನಿಲ್ಲುವುದಿಲ್ಲ ಎಂದು ಒಬ್ಬ ಅಜ್ಜಿ ದಿನವೂ ಹೇಳುತ್ತಿದ್ದರು.

ಒಂದು ಸಂಜೆ ಅವರು ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದರು. ಐದೈದು ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾನು ಕಟ್ಟೆಯ ಮನೆಗಳನ್ನು ಬಿಟ್ಟು ಉಳಿದ ಮನೆಗಳಲ್ಲಿ ಸುಣ್ಣದ ತುಂಡಿನಿಂದ ಒಂದೊಂದು ಅಕ್ಷರ ಬರೆದೆ. ಕಾಯಿ ನಿಂತ ಮನೆಯ ಅಕ್ಷರದಿಂದ ಆರಂಭವಾಗುವ ಒಂದು ಪದ ಹೇಳಬೇಕು, ತಪ್ಪಿದರೆ ಕಾಯಿ ಹಿಂದಿನ ಮನೆಗೆ. ಅಜ್ಜಿಯ ಕಾಯಿ ‘ರ’ದ ಮೇಲೆ ನಿಂತಿತು. ಅವರು ಬಹಳ ಹೊತ್ತು ನೋಡಿ “ದನ” ಎಂದರು. ಸುತ್ತಲಿದ್ದವರು ಕೂಗಿದರು, ಕಾಯಿ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದದ್ದು ಕಾಯಿ, ಅಜ್ಜಿಯಲ್ಲ. ಅವರು ಸೆರಗು ಬಿಗಿದು ಮುಂದಿನ ಸರದಿಗೆ ಕಾದರು, ಎರಡನೆಯ ಸಲ ಅದೇ ಮನೆಗೆ ಬಂದಾಗ “ರೊಟ್ಟಿ” ಎಂದರು. ‘ರ’ ಹೋಗಿ ‘ರೊ’ ಆಗಬೇಕಾದರೆ ಹೇಗೆ ಬರೆಯುವುದೆಂದು ಅವರೇ ಕೇಳಿದ್ದು ಆಗಲೇ.

ನಿಮ್ಮ ಊರಿನ ಹೆಂಗಸರಿಗೆ ಬರುವ ಆಟ ಯಾವುದು ಎಂದು ಮೊದಲು ಕೇಳಿ. ಅಳಗುಳಿಮಣೆಯಾದರೆ ಇನ್ನೂ ಒಳ್ಳೆಯದು. ಹದಿನಾಲ್ಕು ಗುಳಿಗಳ ಕಾಳು ಎಣಿಸಿ ಹಂಚುವವರಿಗೆ ಕೂಡುವುದು, ಕಳೆಯುವುದು ಬಾಯಲ್ಲಿ ಬಂದೇ ಇರುತ್ತದೆ, ಅದನ್ನು ಅಂಕಿಯಲ್ಲಿ ಬರೆಯುವುದಷ್ಟೇ ಬಾಕಿ, ಅಲ್ಲಿಂದ ಸಂಘದ ಪಾಸ್‌ಬುಕ್ಕಿಗೆ ದಾರಿ ಹತ್ತಿರ. ಮೊದಲ ಮೂರು ನಾಲ್ಕು ಸಂಜೆ ಸ್ಲೇಟನ್ನು ಹೊರಗೆ ತೆಗೆಯಲೇಬೇಡಿ. ಆ ಆಟವನ್ನು ಅವರು ನಿಮಗೆ ಕಲಿಸಲಿ, ನಿಮ್ಮ ತಪ್ಪುಗಳನ್ನು ಅವರು ತಿದ್ದಲಿ. ಬಿಟ್ಟುಹೋದವರ ಮನೆಗೆ ಪಾಠಕ್ಕೆ ಬನ್ನಿ ಎಂದು ಕರೆಯಲು ಹೋಗದೆ, ಆಟಕ್ಕೆ ಒಂದು ಕೈ ಕಡಿಮೆಯಿದೆ ಎಂದು ಹೇಳಿ ಕಳಿಸಿ.